ಅಂಟಾರ್ಕ್ಟಿಕಾದ ಮೀನಿಗೆ ಆಯುಧಪೂಜೆ

...ಹೀಗೆ ಬಾಯಿ ಬಿಡದೆ ಎರಡು ಹಾಳೆ ಮುಂದೆ ಹಿಡಿದು ನಿಂತ್ರೆ ನಾನೇನು ತಿಳ್ಕೋಬೇಕು, ಶೀಲಾವತಿ? ಕೂತ್ಕೊಮ್ಮ. ಸೋಮವಾರ ನಿನ್ನ ಥೀಸಿಸ್ ಕೊಡಬೇಕು. ಗೈಡು ಅನ್ನಿಸಿಕೊಂಡ ಈ ಸತ್ಯಮೂರ್ತಿ ಸಹಿ ಹಾಕೋದೊಂದೇ ಬಾಕಿ. ಈಗ ಬಂತಾ ಅನುಮಾನ!

ಕೊಡಿಲ್ಲಿ. ಇದು ಅಂಟಾರ್ಕ್ಟಿಕಾ ಮೀನಿನ ಆಂಟಿಬಾಡಿ ಜೀನು. ಇದು ಹೋಲಿಸಿ ನೋಡೋಕೆ ಅಂತ ನೀನು ತೆಗೆದ ನಮ್ಮ ಬಾಂಬೆ ಪಾಪ್ಲೆಟ್ ಮೀನಿಂದು. ಒಂದಕ್ಷರ ವ್ಯತ್ಯಾಸ ಇಲ್ಲ. ಭೇಷ್! ಅದೇ ಅಲ್ವೇನಮ್ಮ ನಮ್ಮ ಸಂಶೋಧನೆ? ಚಳಿಗೆ ತಕ್ಕಂತೆ ಬದಲಾಗಬೇಕಿತ್ತು ಅಂತ ಪುಸ್ತಕದವರು ಬಡ್ಕೊಳ್ಳಲಿ. ಕೋಟಿ ವರ್ಷ ಹಿಮದ ನೀರಲ್ಲಿದ್ದ ಜೀನು ಜಪ್ಪಯ್ಯ ಅಂದ್ರೂ ಬದಲಾಗಲಿಲ್ಲ! ವಿಕಾಸ ಅನ್ನೋದು ಅಲ್ಲಿ ಕಂಬಳಿ ಹೊದ್ದು ಮಲಗಿತ್ತು ಅಂತ ಬರಿ... ಯಾಕೆ ನಗ್ತೀಯ?

ಉಡುಪಿಯವಳು, ಮೀನು ತಿಂದು ಬೆಳೆದವಳು ಅನ್ನೋ ಠೇಂಕಾರ ಬೇಡ. ನಾನು ಮೈಸೂರಿನ ಪುಳಿಚಾರು, ಲೋಕಲ್ ರೈಲಲ್ಲಿ ಮೀನುಬುಟ್ಟಿ ಕಂಡ್ರೆ ಡಬ್ಬಾ ಬದಲಾಯಿಸೋನು. ಆದ್ರೂ ಆ ಮೀನನ್ನ ಕೈಯಾರೆ ತುಂಡು ಮಾಡಿ, ಟ್ಯೂಬಿಗೆ ತುಂಬಿ ನಿನಗೆ ಕೊಟ್ಟೆ. ಸಾಲದಾ?

ಆ ಮೀನಿಟ್ಟಿದ್ದ ಡೀಪ್ ಫ್ರೀಜರ್ ಕಡೆ ಏನು ನೋಟ? ಅದಕ್ಕೇನು ರೋಗ! ಎಂಬತ್ತೆಂಟರ ಆಯುಧಪೂಜೆ, ನೀನಿನ್ನೂ ಸೇರಿರಲಿಲ್ಲ. ಎಲ್ಲ ಮೆಷಿನ್ನಿಗೂ ಒಂದಿನ ವಿಶ್ರಾಂತಿ ಅಂತ ಪ್ಲಗ್ ತೆಗೆದು ಕುಂಕುಮ ಇಟ್ಟೆ. ಅದಕ್ಕೂ ಇಟ್ಟೆ. ಅದೂ ಆಯುಧವೇ ತಾನೇ? ಎರಡು ದಿನ ರಜ. ಮೂರನೇ ದಿನ ಬಂದು ಪ್ಲಗ್ ಹಾಕಿದೆ. ಏನೂ ಆಗಿರಲಿಲ್ಲ. ಸ್ವಲ್ಪ... ಸ್ವಲ್ಪ ನೀರು ಬಿಟ್ಟಿತ್ತು. ಎರಡು ಕಟ್ಟು ಊದುಬತ್ತಿ ಹಚ್ಚಿದೆ, ಅಷ್ಟೇ.

ಏನದು ದುರುಗುಟ್ಟಿಕೊಂಡು ನೋಡೋದು? ಮನಸ್ಸಲ್ಲಿರೋದನ್ನ ಕಕ್ಕಿಬಿಡು! ‘ಸಾರ್, ನೀವು ಬೊರಿವಲಿ ಸ್ಟೇಷನ್ ಹೊರಗೆ ಮೀನು ಮಾರೋ ಗಂಗುಬಾಯಿ ಹತ್ರ ಪಾಪ್ಲೆಟ್ ತಗೊಂಡ್ರಿ, ಟಿಫಿನ್ ಕ್ಯಾರಿಯರ್‌ನಲ್ಲಿ ಬಚ್ಚಿಟ್ಟು ತಂದ್ರಿ’ ಅಂತ ತಾನೇ? ಅವಳೇ ಹೇಳಿದ್ಲಾ?... ಇಲ್ವಾ? ಮತ್ಯಾರು ಹೇಳಿದ್ರು ನಿನಗೆ?

...ಅಯ್ಯೋ. ಯಾರೂ ಹೇಳಿಲ್ಲ. ನೀನು ಬಂದಾಗಿಂದ ತುಟಿ ಬಿಚ್ಚಿಲ್ಲ, ಅಲ್ವಾ?

ಕೊಳೆತುಹೋಯ್ತಮ್ಮ ಆ ಅಂಟಾರ್ಕ್ಟಿಕಾ ಮೀನು. ಹಡಗಲ್ಲಿ ಬಂದಿದ್ದು ಒಂದೇ ಪೆಟ್ಟಿಗೆ. ಅರಿಶಿನ ಕುಂಕುಮ ಹಚ್ಚಿ ಕೊಂದೆ ಅಂತ ಯಾರ ಮುಂದೆ ಹೇಳಲಿ? ನಾಚಿಕೆ ಆಯ್ತು. ಆಮೇಲೆ ನೀನು ಬಂದೆ... ನಿನಗೂ ಹೇಳಲಿಲ್ಲ.

ಬೈಯಮ್ಮ. ತುಳುವಿನಲ್ಲಾದ್ರೂ ಬೈ. ಥೀಸಿಸ್ ಯಾಕೆ ಚೀಲಕ್ಕೆ ಹಾಕ್ತೀಯ? ಮೂರು ವರ್ಷ ಕಣೇ ನಿನ್ನದು! ಕೊಡು, ಸಹಿ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ... ಶೀಲಾವತಿ? ಕೊಡಮ್ಮ...