ಅಪ್ಪ ಎತ್ತಿಕೊಂಡು ಹೋದ ತಟ್ಟೆ

ಏಳ್ಬೇಡ, ಏಳ್ಬೇಡ, ಕೂತ್ಕೋ! ನಿನ್ನ ಇನ್ನೂ ಕರೆದಿಲ್ಲ ಕಣೇ. ಒಳಗೆ ಕಾಫಿ ತರಿಸ್ಕೊಂಡಿದ್ದಾರೆ. ಆ ಆಯ್ಕೆ ಸಮಿತಿ ಅಧ್ಯಕ್ಷರ ಕಾಫಿ ಮುಗಿಯೋ ತನಕ ಮೋಶೆಯೇ ಕೋಲು ಹಿಡ್ಕೊಂಡು ಬಂದ್ರೂ ಒಳಗೆ ಬಿಡಲ್ಲ. ಸ್ವಲ್ಪ ಸರಿ, ನಾನೂ ಕೂರ್ತೀನಿ. ಉಸ್ಸಪ್ಪಾ! ಈ ಶೂ ನೋಡು, ಹಿಮ್ಮಡಿ ಕಚ್ಚಿ ಹಾಕಿದೆ. 'ಓಸ್ನತ್, ಮುಖ್ಯೋಪಾಧ್ಯಾಯಿನಿ ಅಂದ್ರೆ ನಡೆದಾಗ ಟಕ್ ಟಕ್ ಅನ್ನಬೇಕು' ಅಂತ ಎಲ್ಕಾನಾ ಕೊಡ್ಸಿದ್ದು. ಗಂಡನ ಮಾತು ಕೇಳಿದ್ದಕ್ಕೆ ಇದು!

ನನ್ನ ಇಂಟರ್‌ವ್ಯೂ ಏನೋ ಆಯ್ತಪ್ಪ. ಚೆನ್ನಾಗೂ ಆಗಿಲ್ಲ, ಕೆಟ್ಟದಾಗೂ ಆಗಿಲ್ಲ... ಯಾಕೆ ಹಾಗೆ ನೋಡ್ತೀಯ? ನಿಜ ಕಣೇ! ನೋಡು ಯಿಸ್ಕಾ, ನನಗೂ ಬೇಜಾರೇ. ಹೈಫಾದ ಶಾಲೆಗೆ ಬೇಕಾಗಿರೋದು ಒಬ್ಬಳೇ ಮುಖ್ಯೋಪಾಧ್ಯಾಯಿನಿ, ಕಳಿಸಿರೋದು ನಮ್ಮಿಬ್ಬರನ್ನ. ಯೆಹೂದಿ ಶಿಕ್ಷಣಕ್ಕೆ ನಾಯಕಿಯರನ್ನ ತಯಾರು ಮಾಡ್ತೀವಿ ಅಂತ ಜೆರುಸಲೇಮಿಗೆ ಕರ್ಕೊಂಡು ಬಂದ್ರು. ಜೋಡಿ ಮಾಡಿ ಎದುರುಬದುರು ಕೂರಿಸಿದ್ರು. ಎರಡು ವರ್ಷ ಒಂದೇ ಪುಟದ ಮೇಲೆ ಗಂಟಲು ಹರ್ಕೊಂಡು ಜಗಳ ಆಡಿ ಓದಿದ್ವಿ. ಈಗ ಇಬ್ಬರ ಮಧ್ಯೆ ಒಂದು ಕುರ್ಚಿ ಎಸೆದು ನೋಡ್ತಾ ಕೂತಿದ್ದಾರೆ. ತರಬೇತಿ ಅಂತೆ, ತರಬೇತಿ!

ಗೊತ್ತು ಕಣೇ, ಅದು ನೀನು ಓದಿದ ಶಾಲೆ. ಉಗ್ಗೋ ಮಕ್ಕಳನ್ನ ಅಲ್ಲಿ ಹಿಂದಿನ ಬೆಂಚಿಗೆ ತಳ್ತಿದ್ರು, ನಿನ್ನನ್ನೂ ತಳ್ಳಿದ್ರು. ಹೋಗಿ ಅದನ್ನ ಬದಲಾಯಿಸ್ತೀನಿ ಅಂತ ಬಂದ ದಿನದಿಂದ ಹೇಳ್ತಿದ್ದೀಯ. ನಾನು ಬದಲಾಯಿಸ್ತೀನಿ ಬಿಡು... ಅಂದ್ರೆ, ನಾನೋ ನೀನೋ, ಯಾರು ಹೋದ್ರೂ!

ಈಗ ನಾನು ಹೇಳೋದು ಕೇಳು. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ಚುಟುಕಾಗಿ ಮಾತಾಡು. ಇವತ್ತು ಶುಕ್ರವಾರ, ಎಲ್ಲರಿಗೂ ಹೊತ್ತು ಮುಳುಗಿ ಸಬ್ಬತ್ತು ಶುರುವಾಗೋ ಮುಂಚೆ ಮನೆ ಸೇರೋ ತವಕ. ಪೋಷಕರ ಕಡೆಯವಳು ಒಬ್ಬಳಿದ್ದಾಳಲ್ಲ, ಅವಳಂತೂ ಮೇಜಿನ ಕೆಳಗೆ ಫೋನ್ ಹಿಡ್ಕೊಂಡು ಕೋಳಿ ಒಲೆಗಿಡು ಅಂತ ಮಗಳಿಗೆ ಬರೀತಿದ್ಲು! ನೀನು ವೇಳಾಪಟ್ಟಿ ಹೇಳು. ಶಾಲೆ ಬಸ್ಸಿನ ವಿಷಯ ಹೇಳು. ಹೀಬ್ರೂ ಬಾರದ ರಷ್ಯಾದ ಮಕ್ಕಳ ವಿಷಯ ಹೇಳು, ಅದು ಚೆನ್ನಾಗಿರತ್ತೆ. ಮನೆ ಕಥೆ ಮಾತ್ರ ಬೇಡ.

ಯಾವ ಕಥೆ ಅಂದ್ರೆ... ಅದೇ ಕಣೇ. ನಿಮ್ಮಪ್ಪಂದು. ತಟ್ಟೇದು.

ಅಯ್ಯೋ, ಮುಖ ಯಾಕೆ ತಿರುಗಿಸ್ತೀಯ? ಚೆನ್ನಾಗಿಲ್ಲ ಅಂದ್ನಾ ನಾನು? ಮೊದಲ ಸಲ ನೀನು ಹೇಳಿದಾಗ ಗೊಳೋ ಅಂತ ಅತ್ತವಳು ನಾನೇ ತಾನೇ! ಪಾಸ್ಕ ಹಬ್ಬದ ರಾತ್ರಿ. ಮನೆಯ ಚಿಕ್ಕ ಮಗು ಬಾಯಿ ಬಿಟ್ಟು ಪ್ರಶ್ನೆ ಕೇಳದೆ ಹಬ್ಬ ಮುಂದಕ್ಕೆ ಹೋಗಲ್ಲ. ಚಿಕ್ಕ ಮಗು ನೀನು, ನಿನಗೋ ಉಗ್ಗು. ಎಲ್ಲರೂ ನಿನ್ನ ಬಾಯಿ ನೋಡ್ತಾ ಕೂತಿದ್ದಾರೆ, ಅತ್ತೆ ಕಿಸಕ್ ಅಂತಾಳೆ. ಆಗ ನಿಮ್ಮಪ್ಪ... ಬೆಳಗ್ಗೆಯಿಂದ ಬಸ್ ಓಡಿಸಿ ಬಂದ ಮನುಷ್ಯ... ಸದ್ದಿಲ್ಲದೆ ಎದ್ದು ನಿನ್ನ ಮುಂದಿದ್ದ ತಟ್ಟೇನೇ ಎತ್ಕೊಂಡು ಅಡುಗೆಮನೆಗೆ ಹೊರಟುಬಿಟ್ರು! 'ಅಪ್ಪಾ, ನಾ-ನಾನಿನ್ನೂ ಊಟಾನೇ ಮಾಡಿಲ್ಲ, ಯಾಕೆ ತಗೊಂಡು ಹೋಗ್ತೀಯ?' ಅಂತ ನೀನು ಕಿರುಚಿದೆ. ಅವರು ಬಾಗಿಲಲ್ಲಿ ನಿಂತು, 'ಕೇಳಿಸ್ತಾ ಎಲ್ಲರಿಗೂ? ನನ್ನ ಮಗಳು ಪ್ರಶ್ನೆ ಕೇಳಿದ್ಲು, ಇನ್ನು ಹಬ್ಬ ಶುರು' ಅಂದ್ರು. ನೋಡು, ಈಗ್ಲೂ ನನ್ನ ಮೈ ಜುಮ್ ಅಂತು.

ಆದ್ರೆ ಇವರಿಗೆ ಇದೆಲ್ಲ ಹಿಡಿಸಲ್ಲ ಕಣೇ. ಕಲ್ಲುಗಳು! ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು ಅಂದ್ರೆ... ಹ್ಞಾ? ಇಲ್ಲ, ಇಲ್ಲ, ಧೂಳಿಗೆ! ಒಳಗೆ ಗೋಡೆ ತುಂಬ ಹಳೇ ಪುಸ್ತಕ. ನನಗೂ ಸೀನು ಬಂತು.

ಯಾಕೆ ನಗ್ತೀಯ? ನಗೋ ಅಂಥದ್ದು ಏನು ಹೇಳಿದೆ? ...ಬತ್ಯಾ ಟೀಚರ್ ನೆನಪಾದ್ಲಾ? ಯಾರಿಂದ ಕೇಳಿದಿರೋ ಅವರ ಹೆಸರು ಹೇಳಿ ಆಮೇಲೆ ಮಾತು ಹೇಳಿ, ಹೆಸರು ನುಂಗೋದು ಕಳ್ಳತನ ಅಂತ ಎಷ್ಟು ತಲೆ ತಿಂದ್ಲು! ಇವರು ಅವರ ಹೆಸರಲ್ಲಿ ಹೇಳಿದ್ದು, ಅವರು ಇನ್ನೊಬ್ಬರ ಹೆಸರಲ್ಲಿ ಹೇಳಿದ್ದು... ಮಾತು ಬರೋ ಹೊತ್ತಿಗೆ ಹೊಟ್ಟೆ ಚುರುಗುಟ್ಟೋದು. ಹಳೇ ಗುರುಗಳಿಗೆ ಅದೆಲ್ಲ ಸರಿ. ನಮ್ಮಿಬ್ಬರಲ್ಲಿ ಯಾವುದು ನಿಂದು, ಯಾವುದು ನಂದು ಅಂತ ಯಾರು ಹೇಳ್ತಾರೆ? ಅರ್ಧ ವಾಕ್ಯ ನಾನು ಹೇಳಿದ್ರೆ ಉಳಿದರ್ಧ ನೀನು ಹೇಳ್ತೀಯ. ಸುಮ್ನೆ ಅಂದೆ. ಈಗ್ಯಾಕೆ ಆ ಮಾತು.

ನಿನಗೇನು ಕಣೇ, ಅಂಥ ಅಪ್ಪ ಇದ್ದಾರೆ! ನಮ್ಮಪ್ಪ ಹಲ್ಲಿನ ಡಾಕ್ಟ್ರು. ಹಬ್ಬದ ರಾತ್ರಿ ಗಡಿಯಾರ ನೋಡ್ಕೊಂಡೇ ಹಬ್ಬದ ಪುಸ್ತಕ ಓದೋರು. ಮಕ್ಕಳು ಕೇಳಬೇಕಾದ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಹೊಸ ಫ್ರಾಕ್ ಹಾಕ್ಕೊಂಡು ನಿಂತಿದ್ರೆ, ಎರಡನೇದಕ್ಕೇ 'ಸಾಕಮ್ಮ, ಸೂಪ್ ಆರತ್ತೆ' ಅಂದುಬಿಟ್ರು. ಬಾಯೇ ಬಿಡದ ಮಗು ಬಂದ್ರೆ ಏನು ಮಾಡ್ತೀರಿ ಅಂತ ಯಾರಾದ್ರೂ ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಬಾಯಿ ಬಿಡಿಸಿ ಹಲ್ಲು ನೋಡ್ತೀನಿ ಅನ್ಲಾ? ನಿನ್ನ ಕಂಡ್ರೆ ಎಷ್ಟು ಹೊಟ್ಟೆ ಉರಿಯತ್ತೆ ಗೊತ್ತಾ... ಪ್ರೀತಿಯಿಂದ ಕಣೇ! ಪ್ರೀತಿಯಿಂದ.

ಏನಾದ್ರೂ ಮಾತಾಡೇ ಮಾರಾಯ್ತಿ. ಬೈ ಬೇಕಾದ್ರೆ! ಈ ಬಾಗಿಲಿಂದ ಯಾರು ಹೊರಗೆ ಬಂದ್ರೂ ಜನ ಮುತ್ಕೊಂಡು ಕೇಳೋದು ಒಂದೇ, ಏನು ಕೇಳಿದ್ರು, ಏನು ಕೇಳಿದ್ರು ಅಂತ. ನೀನು ಕೇಳಲೇ ಇಲ್ಲ. ನಿನ್ನ ಸರದಿ ಮುಂದಿದೆ, ಆದ್ರೂ ಕೇಳಲಿಲ್ಲ... ಯಾಕೆ ಕೇಳಲಿಲ್ಲ?

ಸರಿ. ನೀನು ಬಾಯಿ ಬಿಡಲ್ಲ ಅಂದ್ರೆ ನಾನೂ ಬಿಡಲ್ಲ. ನೋಡು, ಸುಮ್ಮನಾದೆ.

...

...ಯಾರದು ನಗ್ತಿರೋದು? ಅಧ್ಯಕ್ಷರಾ? ಬಾಗಿಲು ಹಾಕಿದೆಯಲ್ಲ! ...ಏನಂದ್ರು? 'ಉಗ್ಗುತ್ತಿದ್ದ ಹುಡುಗಿ ಈಗ ಅರಳು ಹುರಿದ ಹಾಗೆ ಮಾತಾಡ್ತಾಳೆ ನೋಡಿ'... 'ಆ ಓಸ್ನತ್‌ಳ ಅಪ್ಪನ್ನ, ಆ ಬಸ್ ಡ್ರೈವರನ್ನ, ಒಂದ್ಸಲ ಶಾಲೆಗೆ ಕರೆಸ್ಬೇಕು'...

ಈ ಬೆಂಚಿಗೆ... ಒಳಗಿನ ಮಾತೆಲ್ಲ ಕೇಳಿಸತ್ತಾ? ನಾನು ಒಳಗೆ ಹೋದಾಗಿನಿಂದ ನೀನು ಇಲ್ಲೇ ಕೂತಿದ್ಯಾ?

ಯಿಸ್ಕಾ... ನಿನ್ನ ಹೆಸರು ಹೇಳೋಣ ಅಂತಾನೇ ಇದ್ದೆ ಕಣೇ. ನಾಲಿಗೆ ತುದಿವರೆಗೂ ಬಂದಿತ್ತು. ಅಷ್ಟರಲ್ಲಿ ಆ ಮನುಷ್ಯ ಅತ್ತುಬಿಟ್ರು. ಅತ್ತವರ ಮುಂದೆ, ಇದು ನಂದಲ್ಲ ಅಂತ ಹೇಗೆ ಹೇಳೋದು?

ಹ್ಞಾ... ಕರೀತಿದ್ದಾರೆ ನಿನ್ನ. ತಡಿ! ಒಂದು ನಿಮಿಷ ತಡಿ! ಏನು ಹೇಳ್ತೀಯ ಒಳಗೆ? ...ಯಿಸ್ಕಾ, ನಿನ್ನನ್ನೇ ಕೇಳ್ತಿರೋದು. ಏನು ಹೇಳ್ತೀಯ?