ಅಮ್ಮಯಮ್ಮ ಹೊರಗೆ ಬರಲಿಲ್ಲ

ತೂಬಗೆರೆಯ ಹಾಲಿನ ಡೈರಿ ಮುಂದೆ ಆ ಸಂಜೆ ಮಳೆ ಹಿಡಿದುಕೊಂಡಿತ್ತು. ಹಾಲು ಹಾಕಿದವರು ಖಾಲಿ ಕ್ಯಾನುಗಳನ್ನು ಗೋಡೆಗೆ ಒರಗಿಸಿ ಶೀಟಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ಉಮಾಶಂಕರ್ ಒಬ್ಬ ಮಾತ್ರ ತಲೆಗೆ ಗೊಬ್ಬರದ ಚೀಲ ಮುಚ್ಚಿಕೊಂಡು, ಯಾರನ್ನೂ ಮಾತಾಡಿಸದೆ, ಸುರಿಯುವ ಮಳೆಯಲ್ಲೇ ಹೊರಟುಹೋದ.

"ಆ ಅಣ್ಣ ಯಾಕೆ ಯಾವಾಗ್ಲೂ ಹಂಗೆ? ಒಂದ್ ಗಳಿಗೆ ನಿಲ್ಲಲ್ಲ" ಎಂದಳು ರಮ್ಯ. ಬೂದಿಗೆರೆಯಿಂದ ಈ ಊರಿಗೆ ಸೊಸೆಯಾಗಿ ಬಂದು ಅವಳಿಗಿನ್ನೂ ವರ್ಷ ತುಂಬಿರಲಿಲ್ಲ.

ಜಗಲಿಯ ಮೇಲೆ ಕಾಲು ಮಡಚಿ ಕೂತಿದ್ದ ಅಶ್ವತ್ಥಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದರು. ಊರಿನಲ್ಲಿ ಅವರಿಗಿಂತ ಹಿರಿಯರು ಕಡಿಮೆ. ಉಮಾಶಂಕರನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ.

"ಮಳೆ ಈಗ್ಲೇ ಬಿಡಾಂಗಿಲ್ಲ. ಕೂತ್ಕೊ, ಹೇಳ್ತೀನಿ" ಎಂದರು.

"ಅವನು ಮೊದ್ಲು ಹಂಗಿರ್ಲಿಲ್ಲಮ್ಮ. ಬೋರ್‌ವೆಲ್ ಲಾರಿ ಮೇಲೆ ಕೆಲ್ಸಕ್ಕೆ ಹೋಗ್ತಿದ್ದ, ಊರೆಲ್ಲ ಕೇಳೋಂಗೆ ನಗ್ತಿದ್ದ. ಆಫ್ರಿಕಾದಲ್ಲಿ ಜಾಂಬಿಯಾ ಅಂತ ಒಂದು ದೇಶ ಐತೆ, ಅಲ್ಲಿ ಬೋರ್ ಕೊರೆಯೋರು ಬೇಕು ಅಂತ ಯಾರೋ ಕರ್ಕೊಂಡ್ ಹೋದ್ರು. ಒಂದಿನ ಇವನು ಲಾರಿ ಹಿಂದಕ್ಕೆ ತಗೊಳ್ಳೋವಾಗ ಅಲ್ಲಿ ಆಡ್ತಿದ್ದ ಮಗೀನ ಮೇಲೆ ಹತ್ಬಿಡ್ತು. ಬೇಕಂತ ಯಾರಾದ್ರೂ ಮಾಡ್ತಾರಾ? ಆದ್ರೆ ಹೋದ ಜೀವ ಹೋಯ್ತಲ್ಲ... ಇವನ್ನ ಜೈಲಿಗ್ ಹಾಕಿದ್ರು. ಲಾರಿ ಓನರ್ರು ಫೋನೇ ಎತ್ತಲಿಲ್ಲ.

"ಅವನ ತಾಯಿ ಅಮ್ಮಯಮ್ಮ ಒಬ್ಬಂಟಿ ಹೆಂಗಸು, ಗಂಡ ಇಲ್ಲ. ಅವಳಿಗೆ ಜೈಲು ಅನ್ನೋದಕ್ಕಿಂತ ಅಲ್ಲಿ ನಮ್ ಮಾತು ಯಾರಿಗೂ ಬರಲ್ಲ ಅನ್ನೋದೇ ದೊಡ್ಡ ಚಿಂತೆ. 'ಹೊಟ್ಟೆನೋವು ಅಂದ್ರೆ ಯಾರಿಗ್ ತಿಳೀತದೆ ಅಶ್ವತ್ಥಕ್ಕ?' ಅಂತ ಗೋಡೆ ಆ ಕಡೆಯಿಂದ ಕೇಳೋಳು.

"ನಮ್ಮೂರ ಆಸ್ಪತ್ರೇಲಿ ಕೃಪಾವತಮ್ಮ ಅಂತ ನರ್ಸ್ ಇದ್ರು. ಈ ಉಮಾಶಂಕರ, ನಮ್ ಶಂಕ್ರ, ಹುಟ್ಟಿದಾಗ ಅವನ್ನ ಮೊದ್ಲು ಕೈಗೆ ಎತ್ಕೊಂಡಿದ್ದೇ ಅವರು. ರಿಟೈರಾಗಿ ದೊಡ್ಡಬಳ್ಳಾಪುರ ಸೇರ್ಕೊಂಡಿದ್ರು. ಅವರು ಕ್ರಿಶ್ಚಿಯನ್ರು. ಅವರ ಚರ್ಚಿನ ಸಭೆಯೋರು ಗುಂಪು ಕಟ್ಕೊಂಡು ಜೈಲುಗಳಿಗೆ ಹೋಗಿ, ಬೈಬಲ್ ವಾಕ್ಯ ಓದಿ, ಹಾಡು ಹೇಳಿ, ಸೋಪು ಬಟ್ಟೆ ಕೊಟ್ಟು ಬರ್ತಾರೆ. ಆ ವರ್ಷ ಜಾಂಬಿಯಾಕ್ಕೇ ಹೊರಟಿದ್ರು, ಶಂಕ್ರ ಇದ್ದ ಜೈಲಿಗೇ ಹೋಗೋದು ಅಂತ ಆಯ್ತು. ಸುದ್ದಿ ಕೇಳಿದ್ದೇ ಅಮ್ಮಯಮ್ಮ ಬಸ್ ಹತ್ಕೊಂಡು ಹೋಗಿ ಅವರ ಬಾಗ್ಲಲ್ಲಿ ಕುಂತ್ಬಿಟ್ಲು.

"'ನನ್ನೂ ಕರ್ಕೊಂಡ್ ಹೋಗಿ ನರ್ಸಮ್ಮ. ನಿಮ್ ದೇವ್ರಿಗೂ ಕೈ ಮುಗೀತೀನಿ' ಅಂದ್ಲಂತೆ.

"ಕೃಪಾವತಮ್ಮ ಅವಳ ಕೈ ಹಿಡ್ಕೊಂಡು ನಾಡಿ ನೋಡಿದ್ರು. ಮೈಯಲ್ಲಿ ಏನೂ ಉಳಿದಿರ್ಲಿಲ್ಲ, ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ಲು. 'ಅದಕ್ಕೋಸ್ಕರ ಕೈ ಮುಗೀಬೇಡ ಅಮ್ಮಯಮ್ಮ. ನಿನ್ ಮಗನ್ನ ನಾನೇ ಕಣ್ಣಾರೆ ನೋಡ್ಕೊಂಡು ಬರ್ತೀನಿ' ಅಂದ್ರು.

"ಅದಕ್ಕೆ ಇವಳು, 'ನೀವ್ ನೋಡಿದ್ರೆ ನಾನ್ ನೋಡ್ದಂಗ್ ಆಯ್ತದಾ?' ಅಂತ ಅಂದು ಎದ್ ಬಂದ್ಬಿಟ್ಲು."

ಅಶ್ವತ್ಥಮ್ಮ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡರು. ಶೀಟಿನ ಅಂಚಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊರಡಲೆಂದು ಕ್ಯಾನು ಎತ್ತಿಕೊಂಡಿದ್ದವರು ಅದನ್ನು ಸದ್ದಿಲ್ಲದೆ ಕೆಳಗಿಟ್ಟರು.

"ಅಲ್ಲಿ ಜೈಲಿನ ಗೇಟಲ್ಲಿ ಒಂದು ಪದ್ಧತಿಯಂತೆ. ಹೊರಗಿಂದ ಬಂದೋರ ಕೈಗೆ ನೀಲಿ ಶಾಯಿ ಸೀಲು ಹೊಡೀತಾರೆ, ಒಳಗಿರೋನು ಇವರ ಜೊತೆ ಸೇರ್ಕೊಂಡು ನುಸುಳಬಾರ್ದು ಅಂತ. ವಯಸ್ಸಾದ ಗಾರ್ಡು, ಪಾಪ, ಒಬ್ಬೊಬ್ರಿಗೂ ನಗ್ತಾ ಹೊಡೆದ. ಕೊನೆಗೆ ಪಾಸ್ಟರು. ಅಲ್ಲಿಗೆ ಮುಗೀತು ಅಂತ ಕೃಪಾವತಮ್ಮ ಹಿಂದಕ್ ತಿರುಗಿ ನೋಡಿದ್ರೆ, ಗಾರ್ಡು ಇನ್ನೂ ಬಗ್ಗಿಕೊಂಡು ನಿಂತವ್ನೆ. ಎಡಗೈಯಲ್ಲಿ ಏನನ್ನೋ ಹಿಡ್ಕೊಂಡಂಗೆ ಮಾಡಿ, ಬಲಗೈಲಿ ಸೀಲು ಮೆಲ್ಲಗೆ ಒತ್ತಿದ... ವಯಸ್ಸಾದೋರ ಕೈಗೆ ನೋವಾಗ್ಬಾರ್ದು ಅಂತ ಒತ್ತುತೀವಲ್ಲ, ಹಂಗೆ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಲ್ಲಿ ಯಾರೂ ಇರ್ಲಿಲ್ಲ. ತಮಾಷೆ ಮಾಡ್ತಾವ್ನೆ ಅಂದ್ಕೊಂಡು ಅವರು ಒಳಕ್ ಹೋದ್ರು.

"ಒಳಗೆ ಅಂಗಳದಲ್ಲಿ ಒಂದು ಮಾವಿನ ಮರ. ಅದರ ಕೆಳಗೆ ಕೈದಿಗಳು ನೆಲದ ಮೇಲೆ ಕುಂತಿದ್ರು. ಪಾಸ್ಟರು ಮಾತಾಡಿದ್ರು, ಅಲ್ಲಿನ ಸಭೆಯೋನು ಒಬ್ಬ ಅವರ ಭಾಷೇಲಿ ಹೇಳ್ದ. ಆಮೇಲೆ ಆ ಕೈದಿಗಳೇ ಹಾಡಕ್ ಶುರು ಮಾಡಿದ್ರಂತೆ, ಎಂಥಾ ಗಂಟಲು, ಎದೆಯೊಳಗೆ ತಮಟೆ ಬಡ್ದಂಗಾಯ್ತು ಅಂತಾರೆ. ಹಾಡು ನಡೀತಿರೋವಾಗ ಕೃಪಾವತಮ್ಮ ಹುಡುಕ್ತಾ ಹೋದ್ರು. ಕೊನೇ ಸಾಲಲ್ಲಿ ಶಂಕ್ರ. ಮೂಳೆ ಚಕ್ಕಳ.

"'ಶಂಕ್ರಾ, ನಾನು ಕಣಪ್ಪ, ನರ್ಸಮ್ಮ' ಅಂದ್ರು.

"ಅವನು ಅವರ ಮುಖ ನೋಡ್ಲೇ ಇಲ್ಲ. ಅವರ ಪಕ್ಕ ನೋಡ್ದ. 'ಅವ್ವ... ಇಷ್ಟ್ ದೂರ ಯಾಕ್ ಬರಕ್ ಹೋದೆ?' ಅಂದ. ಅಂದೋನು ಹಂಗೇ ವಾಲಿ ತಲೆ ಇಟ್ಟ. ಎಲ್ಲಿಟ್ಟ ಅಂತೀಯಾ? ಅಲ್ಲಿ ನೆಲ ಬಿಟ್ರೆ ಏನಿಲ್ಲ. ಅವನ ತಲೆ ನೆಲಕ್ ತಾಕ್ಲಿಲ್ಲ. ಕುಂತೋರ ತೊಡೆಯಷ್ಟು ಎತ್ತರದಲ್ಲಿ ನಿಂತ್ಕೊಂಡ್ತು.

"ಕೃಪಾವತಮ್ಮ ಎಷ್ಟು ಹುಟ್ಟು ಕಂಡೋರು, ಎಷ್ಟು ಸಾವು ಕಂಡೋರು. ಜ್ವರ ಇರ್ಬೇಕು ಅಂತ ಅವನ ಹಣೆ ಮುಟ್ಟಿ ನೋಡಿದ್ರು. ತಣ್ಣಗಿತ್ತು. ಕೂಗ್ಲಿಲ್ಲ, ಓಡ್ಲಿಲ್ಲ. ಪಕ್ಕದಲ್ಲೇ ಕುಂತು ಕಣ್ಮುಚ್ಚಿ ಪ್ರಾರ್ಥನೆ ಮಾಡಿದ್ರು. ಹೊರಡೋ ಗಂಟೆ ಹೊಡೆದಾಗ ಶಂಕ್ರನೇ, 'ನೀವ್ ಹೊರಡಿ ನರ್ಸಮ್ಮ, ಅವ್ವ ಇಲ್ಲೇ ಇರ್ತಾಳಂತೆ' ಅಂದ.

"ವಾಪಸ್ ಬರೋವಾಗ ಎಲ್ಲಾರೂ ಗೇಟ್ ದಾಟಿದ್ರೂ ಗಾರ್ಡು ಬಾಗ್ಲು ಹಾಕ್ಲಿಲ್ಲ. ಒಳಕ್ ಬಗ್ಗಿ ಬಗ್ಗಿ ನೋಡ್ತಾನೆ. ಏನಪ್ಪಾ ಅಂತ ಕೇಳಿದ್ರೆ, 'ನಿಮ್ ಜೊತೆ ಬಂದ ಮುದುಕಿ ಎಲ್ಲಿ?' ಅಂದ್ನಂತೆ.

"ಅಷ್ಟೊತ್ತಿಗೆ ನಾವು ಇಲ್ಲಿ ಅಮ್ಮಯಮ್ಮನ್ನ ಮಣ್ಣು ಮಾಡಿ ಬಂದಿದ್ವಿ."

ರಮ್ಯ ಹತ್ತಿರ ಸರಿದು, "ಉಮಾಶಂಕರಣ್ಣನಿಗೆ ಗೊತ್ತಾಗಿದ್ದು ಯಾವಾಗ?" ಎಂದು ಕೇಳಿದಳು.

"ಶಿಕ್ಷೆ ಮುಗಿಸ್ಕೊಂಡು ಬಂದಾಗ. ಅಲ್ಲಿನ ಸಭೆಯೋರೇ ಟಿಕೆಟ್ ತೆಗೆದು ಕಳಿಸಿದ್ರು. ಬಂದೋನು ಮನೆಗ್ ಬೀಗ ನೋಡಿ ನನ್ ಹತ್ರ ಬಂದ. ಹೇಳ್ದೆ. ಅವನು ಅಳಲಿಲ್ಲ, ಬಿಳುಚ್ಕೊಂಡ. 'ಅಜ್ಜಿ, ಅವ್ವ ದಿನಾ ನನ್ ಪಕ್ಕದಲ್ಲೇ ಮಲಗ್ತಿದ್ಲು. ಏನೋ ಮನಸ್ಸಿಗೆ ಹಂಗ್ ಕಾಣ್ತದೆ ಅಂದ್ಕೊಂಡಿದ್ದೆ. ಬಿಡೋ ದಿನ ಖುಷೀಲಿ ಓಡ್ಬಂದ್ಬಿಟ್ಟೆ. ಬಾ ಅಂತ ಕರೀಲಿಲ್ಲ' ಅಂದ.

"ಆ ದೇಶದಿಂದ ಅವಳಿಗೆ ದಾರಿ ಗೊತ್ತಾ? ದೇವನಹಳ್ಳಿ ಸಂತೆಗೂ ಜೊತೆ ಬೇಕಿತ್ತು ಅವಳಿಗೆ. ಇದೇ ಕೊರಗಲ್ಲಿ ಬೆಂದ. ಕೊನೆಗೆ ಕೃಪಾವತಮ್ಮನ ಕಾಲು ಹಿಡ್ದು, ಮುಂದಿನ ಸಲ ಗುಂಪು ಹೊರಟಾಗ ತಾನೂ ಹೊರಟ. ಯಾವ ಜೈಲಿಂದ ಬದುಕಿ ಬಂದ್ನೋ ಅದೇ ಜೈಲಿಗೆ... ತಾಯೀನ ಕರ್ಕೊಂಡ್ ಬರಕ್ಕೆ.

"ಅದೇ ಮರದ ಕೆಳಗೆ ಅವಳು ಕುಂತಿದ್ಲಂತೆ. ಅವಳ ಪಕ್ಕ ಅಲ್ಲಿಯವನೇ ಒಬ್ಬ ಹೊಸ ಕೈದಿ, ಎಳೇ ವಯಸ್ಸಿನೋನು. ಅವನ ಬೆನ್ನು ಸವರ್ತಾ 'ಶಂಕ್ರಾ, ಶಂಕ್ರಾ' ಅಂತಿದ್ಲು. ಇವನು ಮುಂದಕ್ ಹೋಗಿ 'ಅವ್ವಾ, ನಾನು. ಏಳು, ಊರಿಗ್ ಹೋಗಣ' ಅಂದ. ಅವಳು ತಲೆಯೆತ್ತಿ ನೋಡಿದ್ಲು. ಇವನು ಮೈ ತುಂಬ್ಕೊಂಡಿದ್ದ, ಒಳ್ಳೆ ಬಟ್ಟೆ ಹಾಕಿದ್ದ. ಹೊರಗಿನೋರ ಮುಂದೆ ಮಾಡ್ತೀವಲ್ಲ, ಹಂಗೆ ಸೆರಗು ತಲೆ ಮೇಲೆ ಎಳ್ಕೊಂಡ್ಲು...

"'ಯಾರಪ್ಪಾ ನೀನು?' ಅಂದ್ಲು. 'ನನ್ ಮಗನ್ನ ಬಿಡಿಸಕ್ ಬಂದ್ಯಾ?'"

ಅಶ್ವತ್ಥಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಅವತ್ತಿಂದ ಇವನು ಹಿಂಗೆ."

"ಅಜ್ಜಿ, ಅದೆಲ್ಲ ಆ ಅಣ್ಣನ ಭ್ರಮೆ ಇರ್ಬೋದಲ್ವಾ?" ಎಂದಳು ರಮ್ಯ.

"ಇರ್ಬೋದು ಮಗ. ಕೃಪಾವತಮ್ಮನೂ ಹಂಗೇ ಸಮಾಧಾನ ಮಾಡ್ಕೊಂಡಿದ್ರು. ಈ ಸಲ ಹೋಗಿ ಬಂದು ಹೋದ ವಾರ ನಮ್ಮನೆಗೆ ಬಂದಿದ್ರು. ಆ ಹೊಸ ಹುಡುಗ ಅವರನ್ನ ಹುಡುಕ್ಕೊಂಡು ಬಂದು, ಒಂದು ಮಾತು ಹೇಳಿ, ಹಿಂಗಂದ್ರೆ ಏನರ್ಥ ಅಂತ ಕೇಳಿದ್ನಂತೆ. ಆ ದೇಶ ಬಿಟ್ಟು ಆಚೆ ಕಾಲಿಟ್ಟೋನಲ್ಲ ಅವನು. ಕನ್ನಡ ಅಂದ್ರೆ ಏನು ಅಂತ ಗೊತ್ತಿಲ್ಲ. ಅಪ್ಪಟ ನಮ್ ತೂಬಗೆರೆ ಮಾತಲ್ಲಿ, 'ಎದ್ದೇಳು ಮಗ, ಮುದ್ದೆ ಆರೋಗ್ತದೆ' ಅಂದ್ನಂತೆ. ಅಲ್ಲೂ ಮುಸುಕಿನ ಜೋಳದ ಹಿಟ್ಟಿನ ಮುದ್ದೇನೇ ಹಾಕ್ತಾರೆ ಕಣಮ್ಮ. ಊಟದ ಹೊತ್ತಿಗೆ ಯಾರೋ ಒಬ್ಬ ಮುದುಕಿ ಕಿವಿ ಹತ್ರ ಬಂದು ಹಂಗಂತಾಳೆ ಅಂದ್ನಂತೆ."

ಮಳೆ ಒಂದಿಷ್ಟು ಇಳಿದಿತ್ತು. ಆದರೂ ಯಾರೂ ಹೊರಡಲಿಲ್ಲ. ಅಶ್ವತ್ಥಮ್ಮ ಮಂಡಿಗೆ ಕೈಯೂರಿ ನಿಧಾನಕ್ಕೆ ಎದ್ದು, ಹೊರಗಿನ ಮಬ್ಬು ಬೆಳಕನ್ನು ನೋಡುತ್ತ ನಿಂತರು.

"ಅಲ್ಲಿ ಬಿಸಿಲಿರೋವಾಗ್ಲೇ ಸಂಜೆ ಊಟ ಹಾಕ್ಬಿಡ್ತಾರಂತೆ" ಎಂದರು. "ಇಲ್ಲಿ ನಾವು ಹಾಲು ಹಾಕಕ್ ಬರ್ತೀವಲ್ಲ... ಹೆಚ್ಚೂಕಮ್ಮಿ ಈ ಹೊತ್ತಿಗೇ ಅವಳು ಅಲ್ಲಿ ಆ ಹುಡುಗನ್ನ ಎಬ್ಬಿಸೋದು."