ಹೇರೋಹಳ್ಳಿಯ ನೀರುಗಂಟಿ

ಮಳೆ ಹಿಡಿಯಿತೆಂದರೆ ಹೇರೋಹಳ್ಳಿಯ ನಮ್ಮ ಬೀದಿಯಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ರಸ್ತೆ. ಆವತ್ತು ಸಂಜೆ ಎರಡೂ ಹೋಗಿದ್ದವು. ಬಾಡಿಗೆಗಿರುವ ನಾನು, ಫುಡ್ ಡೆಲಿವರಿ ಮಾಡುವ ವಿಠ್ಠಲ, ಗಾರ್ಮೆಂಟ್ಸಿಗೆ ಹೋಗುವ ದಾನಮ್ಮ, ಮೂವರೂ ಓನರ್ ಲಿಂಗಮ್ಮಜ್ಜಿಯ ಜಗಲಿಯಲ್ಲಿ ಕೂತಿದ್ದೆವು. ಸುಸ್ತಾಗಿದ್ದ ವಿಠ್ಠಲ ನೆಲಮಾಳಿಗೆಯ ತನ್ನ ರೂಮಿಗೆ ಹೋಗಿ ಮಲಗುತ್ತೇನೆಂದು ಎದ್ದ. ಅಜ್ಜಿ ಅವನ ಅಂಗಿ ಹಿಡಿದು ಕೂರಿಸಿದರು.

"ಏನು ಅವಸರ ನಿಂಗೆ? ಕೂತ್ಕೊಂಡು ಕೇಳು. ನೀನು ಮಲಗೋ ಜಾಗ ಐತಲ್ಲ, ಅದು ಕೆರೆ ಕೆಳಗಿನ ಗದ್ದೆ ಕಣೋ. ಆಗ ಇಲ್ಲೊಬ್ಬ ಪಾಳೇಗಾರ ಇದ್ದ... ಪಾಳೇಗಾರ ಅಂದ್ರೆ ಏನು ಮಹಾ, ಒಂದು ಮಣ್ಣಿನ ಕೋಟೆ, ನಾಲ್ಕೂರು, ಮೈತುಂಬ ರೋಷ. ಪಕ್ಕದ ದೊಡ್ಡ ದೊರೆ ಕಪ್ಪ ಕೊಡು ಅಂದ, ಇವನು ಕೊಡಲ್ಲ ಅಂದ. ಬಂತಲ್ಲಪ್ಪ ದಂಡು, ಇರುವೆ ಸಾಲಿನಂಗೆ, ಇದೇ ಗದ್ದೆ ಬಯಲಲ್ಲಿ ಗುಡಾರ ಹಾಕ್ತು. ಕೋಟೆ ಒಳಗೆ ರಾಗಿ ಮುಗೀತಾ ಬಂತು, ಹೊರಗೆ ಕೆರೆ ತುಂಬಿ ತುಳುಕ್ತಿತ್ತು. ಪಾಳೇಗಾರ ನೀರುಗಂಟಿ ಬೋರಯ್ಯನ್ನ ಕರೆಸಿ, 'ಕತ್ತಲಾಗ್ತಿದ್ದಂಗೆ ದೊಡ್ಡ ತೂಬು ಎತ್ತಿಬಿಡು, ಅಷ್ಟೂ ಜನ ಕೊಚ್ಕೊಂಡು ಹೋಗ್ಲಿ' ಅಂದ.

"ನೀರುಗಂಟಿ ಅಂದ್ರೆ ಕೆರೆ ನೀರನ್ನ ಗದ್ದೆಗೆ ಬಿಡೋನು. ಅವರಲ್ಲೊಂದು ಕಟ್ಟಳೆ... ತೂಬು ಎತ್ತೋಕೆ ಮುಂಚೆ ಕೆರೆ ಏರಿ ಮೇಲೆ ನಿಂತು 'ನೀರು ಬರ್ತೈತೆ, ಮೇಲಕ್ಕೆ ಬರ್ರಪ್ಪೋ' ಅಂತ ಕೂಗ್ಬೇಕು. ಕೆಳಗೆ ಕಳೆ ಕೀಳೋರು, ಬದುವಿನ ಮೇಲೆ ಕೂಸು ಮಲಗಿಸಿರೋರು ಇರ್ತಾರಲ್ಲ? ಅವನ ತಾತ ಕೂಗ್ದೋನು, ಅಪ್ಪ ಕೂಗ್ದೋನು. ಅಯ್ಯೋ ಪಾಪಿ, ತೂಬಿಗೆ ಕೈ ಹಾಕ್ತಿದ್ದಂಗೇ ಬಾಯಿ ತಾನಾಗೇ ಕೂಗ್ಬಿಡ್ತು! ದಂಡಿನೋರು ಎದ್ದೆನೋ ಬಿದ್ದೆನೋ ಅಂತ ದಿಣ್ಣೆ ಹತ್ತಿದ್ರು. ನೀರು ಬರೀ ಗುಡಾರ ತೊಳ್ಕೊಂಡು ಹೋಯ್ತು. ಬೆಳಗಾಗೋದ್ರೊಳಗೆ ಕೋಟೆ ಬಿತ್ತು... ಒಳಗಿದ್ದೋರಲ್ಲಿ ಒಬ್ಬರನ್ನೂ ಉಳಿಸ್ಲಿಲ್ಲ, ಬೋರಯ್ಯನ ಹೆಂಡ್ತಿ ಮಕ್ಕಳನ್ನೂ. ಯಾರನ್ನ ಬೈಯೋಣ ಹೇಳಿ? ಬೋರಯ್ಯ ಅದೇ ತೂಬಿನ ಮಡುವಿಗೆ ಹಾರ್ಕೊಂಡ."

ದಾನಮ್ಮ ಸೆರಗು ಹೊದ್ದುಕೊಂಡು ಮೆಲ್ಲಗೆ ಕೇಳಿದಳು. "ಈಗೂ ಕೂಗ್ತಾನೇನ್ರಿ ಅಜ್ಜಿ?"

"ಕೂಗಿದ್ರೆ ಎಷ್ಟೋ ಚೆನ್ನಾಗಿತ್ತು ಕಣವ್ವ! ಕೂಗಿ ಕೆಟ್ಟೆ ಅಂತ ಸತ್ತ ಮೇಲೂ ಕೊರಗು ಅವನಿಗೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ನೋಡ್ತಾ ಇದೀನಿ, ಹಿಂಗೇ ಜಡಿಮಳೆ ಬಂದಾಗ ಕಂಬಳಿ ಹೊದ್ಕೊಂಡು ಏರಿ ಮೇಲೆ ಬರ್ತಾನೆ... ಒಂದು ಕೈ ತೂಬಿನ ಮೇಲೆ, ಇನ್ನೊಂದು ಕೈಯಲ್ಲಿ ತನ್ನ ಬಾಯಿ ಗಟ್ಟಿಯಾಗಿ ಮುಚ್ಕೊಂಡಿರ್ತಾನೆ. ನೀರು ಬಿಟ್ಟಿದ್ದು ಕೆಳಗಿರೋರಿಗೆ ಗೊತ್ತೇ ಆಗಲ್ಲ."

ಅಜ್ಜಿ ಕೆರೆಯ ಕಡೆ ಕಿವಿಕೊಟ್ಟರು. ವಿಠ್ಠಲನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಏನೂ ಕೇಳಿಸ್ತಿಲ್ಲ ಅಲ್ವೇನೋ?... ಹಾಸಿಗೆ ಹೋದ್ರೆ ಹೋಗ್ಲಿ ಬಿಡಪ್ಪ. ಕೆಳಗೆ ಇಳೀಬೇಡ."